ಫೈಲ್ ಕೊಡುವುದು ಬೇರೆ, ಸ್ಟೋರೇಜ್ ಬಿಟ್ಟುಕೊಡುವುದು ಬೇರೆ

ಕಲಬುರಗಿಯಲ್ಲಿ ಪದವಿ ವಿದ್ಯಾರ್ಥಿಗಳು, ಆನ್‌ಲೈನ್ ಸೆಂಟರ್ ನಡೆಸುವವರು ಮತ್ತು ಕೆಲವು ಪಾಲಕರ ಮುಂದೆ ಆಡಿದ ಮಾತಿನ ಬರಹ ರೂಪ.

ಎಲ್ಲರೂ ಒಮ್ಮೆ ಫೋನ್ ತೆಗೆಯಿರಿ. ಫೈಲ್ಸ್ ಅಂತಲೋ ಫೈಲ್ ಮ್ಯಾನೇಜರ್ ಅಂತಲೋ ಒಂದು ಆ್ಯಪ್ ಇರುತ್ತದೆ. ಅದನ್ನು ತೆರೆದು ಡೌನ್‌ಲೋಡ್ ಫೋಲ್ಡರ್‌ಗೆ ಹೋಗಿ. ಏನೇನಿದೆ ನೋಡಿ. ಆಧಾರ್ ಪಿಡಿಎಫ್ ಇದೆ ಅಲ್ವಾ? ಜಾತಿ ಆದಾಯ ಪ್ರಮಾಣಪತ್ರ, 371(ಜೆ) ಪ್ರಮಾಣಪತ್ರ, ಯಾವುದೋ ಪರೀಕ್ಷೆಯ ಹಾಲ್ ಟಿಕೆಟ್, ಅಪ್ಪನ ಹೆಸರಿನ ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟ್. ನಮ್ಮ ಭಾಗದಲ್ಲಿ ಪಿಯುಸಿ ಮುಗಿಸಿದ ಯಾರ ಫೋನ್ ನೋಡಿದರೂ ಇಷ್ಟು ಕಾಗದ ಸಿಗುತ್ತವೆ. ಅರ್ಜಿ ಹಾಕಲು ಬೇಕಾಗುತ್ತದೆ ಅಂತ ಇಟ್ಟುಕೊಂಡಿರುತ್ತೇವೆ, ತಪ್ಪೇನಿಲ್ಲ.

ಈಗ ನನ್ನ ಪ್ರಶ್ನೆ. ಇದೇ ಫೋನಿನಲ್ಲಿ ನೀವು ಹಾಕಿಕೊಂಡಿರುವ ಬೇರೆ ಆ್ಯಪ್‌ಗಳು ಈ ಕಾಗದಗಳನ್ನು ಓದಬಲ್ಲವೋ, ಇಲ್ಲವೋ? ಆಟದ ಆ್ಯಪ್, ಫೋಟೊ ತಿದ್ದುವ ಆ್ಯಪ್, ಸಾಲ ಕೊಡುತ್ತೇವೆ ಅನ್ನುವ ಆ್ಯಪ್? ಕೆಲವರು "ಓದುತ್ತವೆ ಸರ್, ಎಲ್ಲಾ ನೋಡ್ತಾವ" ಅಂತೀರಿ. ಕೆಲವರು "ಇಲ್ಲ, ಲಾಕ್ ಇದೆ" ಅಂತೀರಿ. ಎರಡೂ ಪೂರ್ತಿ ನಿಜವಲ್ಲ. ಯಾವ ಫೈಲು, ಯಾವ ಜಾಗದಲ್ಲಿದೆ, ಯಾವ ಆಂಡ್ರಾಯ್ಡ್, ನೀವು ಯಾವ ಬಟನ್ ಒತ್ತಿದಿರಿ, ಇವು ನಾಲ್ಕರ ಮೇಲೆ ಉತ್ತರ ನಿಂತಿದೆ. ಇವತ್ತು ಅದನ್ನೇ ಬಿಡಿಸಿ ನೋಡೋಣ.

ಬುಡದಿಂದ ಬರೋಣ. ಆಂಡ್ರಾಯ್ಡ್ ಅಂದರೆ ಫೋನನ್ನು ನಡೆಸುವ ಮೂಲ ಸಾಫ್ಟ್‌ವೇರ್. ಅದು ನಿಂತಿರುವುದು ಲಿನಕ್ಸ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಮೇಲೆ. ಲಿನಕ್ಸ್ ಅನುಸರಿಸಿದ್ದು ಯುನಿಕ್ಸ್ ಅನ್ನುವ ಅದಕ್ಕೂ ಮೊದಲಿನ ವ್ಯವಸ್ಥೆಯ ಹಳೆಯ ಪದ್ಧತಿಯನ್ನು. ಒಂದೇ ದೊಡ್ಡ ಕಂಪ್ಯೂಟರ್‌ನಲ್ಲಿ ಹತ್ತಾರು ಜನ ಕೆಲಸ ಮಾಡುತ್ತಿದ್ದ ಕಾಲದ ಪದ್ಧತಿ ಅದು. ಒಬ್ಬರ ಫೈಲನ್ನು ಇನ್ನೊಬ್ಬರು ಮುಟ್ಟಬಾರದು. ಅದಕ್ಕಾಗಿ ಪ್ರತಿ ಫೈಲಿಗೂ ಒಬ್ಬ ಮಾಲೀಕ, ಒಂದು ಗುಂಪು, ಉಳಿದವರು ಅಂತ ಮೂರು ಪಾಲು ಮಾಡಿದರು. ಒಂದೊಂದು ಪಾಲಿಗೂ ಓದಬಹುದೇ, ಬರೆಯಬಹುದೇ, ಓಡಿಸಬಹುದೇ ಅನ್ನುವ ಮೂರು ಗುರುತು. ಒಟ್ಟು ಒಂಬತ್ತು ಗುರುತು. ಫೈಲ್ ಪರ್ಮಿಶನ್ ಅಂದರೆ ಮೂಲದಲ್ಲಿ ಇಷ್ಟೇ.

ಫೋನಿನಲ್ಲಿ ಹತ್ತಾರು ಜನ ಇಲ್ಲ, ನೀವೊಬ್ಬರೇ ಇದ್ದೀರಿ. ಆದರೆ ಹತ್ತಾರು ಆ್ಯಪ್ ಇವೆ. ಆಂಡ್ರಾಯ್ಡ್ ಮಾಡಿದವರು ಇಲ್ಲೊಂದು ಒಳ್ಳೆಯ ಉಪಾಯ ಮಾಡಿದರು. ಪ್ರತಿ ಆ್ಯಪನ್ನೂ ಒಬ್ಬ ಬೇರೆ ಮನುಷ್ಯ ಅಂತಲೇ ಲೆಕ್ಕಕ್ಕೆ ಹಿಡಿದರು. ನೀವು ಆ್ಯಪ್ ಹಾಕಿದ ಕ್ಷಣ ಅದಕ್ಕೊಂದು ಸಂಖ್ಯೆ ಬೀಳುತ್ತದೆ. ಈ ಸಂಖ್ಯೆಗಳು 10000ದಿಂದ ಶುರುವಾಗುತ್ತವೆ. ಆ ಸಂಖ್ಯೆಯ ಹೆಸರಿನಲ್ಲೇ ಒಂದು ಫೋಲ್ಡರ್ ಹುಟ್ಟುತ್ತದೆ. ಅದರೊಳಗಿನ ಫೈಲು ಅದೇ ಸಂಖ್ಯೆಯವರಿಗೆ ಮಾತ್ರ. ನಿಮ್ಮ ಬ್ಯಾಂಕ್ ಆ್ಯಪ್ ಒಳಗೆ ಏನು ಬರೆದಿಟ್ಟುಕೊಂಡಿದೆ ಅನ್ನುವುದನ್ನು ಪಕ್ಕದ ಆಟದ ಆ್ಯಪ್ ಓದಲು ಹೋದರೆ ಲಿನಕ್ಸೇ ತಡೆಯುತ್ತದೆ. ಇದರ ಮೇಲೆ 2014ರ ಆಂಡ್ರಾಯ್ಡ್ 5ರಿಂದ ಎಸ್ಇ-ಲಿನಕ್ಸ್ ಅನ್ನುವ ಇನ್ನೊಂದು ಕಾವಲು ಪೂರ್ತಿಯಾಗಿ ಜಾರಿಯಲ್ಲಿದೆ. ಗುರುತುಗಳಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೂ ಅದು ಬಿಡುವುದಿಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಈ ಖಾಸಗಿ ಫೋಲ್ಡರ್‌ಗಾಗಿ ಯಾವ ಆ್ಯಪ್ ಕೂಡ ನಿಮ್ಮನ್ನು ಏನೂ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ, ಅದು ಅದರದೇ ಜಾಗ. ಹಾಗಾಗಿ ಒಂದು ಆ್ಯಪ್ "ನನ್ನ ಡೇಟಾ ಉಳಿಸಿಕೊಳ್ಳಲು ಸ್ಟೋರೇಜ್ ಅನುಮತಿ ಕೊಡಿ" ಅಂದರೆ, ಆ ಕಾರಣ ಸರಿಯಲ್ಲ ಅಂತ ತಿಳಿಯಿರಿ. ಉಳಿಸಿಕೊಳ್ಳಲು ಜಾಗ ಮೊದಲೇ ಕೊಟ್ಟಾಗಿದೆ. ಅದು ಕೇಳುತ್ತಿರುವುದು ಬೇರೆಯದನ್ನು.

ಆ್ಯಪ್ ತೆಗೆದುಹಾಕಿದರೆ ಆ ಖಾಸಗಿ ಫೋಲ್ಡರ್ ಕೂಡ ಹೋಗುತ್ತದೆ. ಫೋನ್ ಸ್ಲೋ ಆಯಿತು ಅಂತ ನೋಟ್ಸ್ ಬರೆಯುವ ಆ್ಯಪ್ ತೆಗೆದು ಮತ್ತೆ ಹಾಕಿ, "ನನ್ನ ನೋಟ್ಸ್ ಎಲ್ಲಿ ಹೋದವು" ಅಂತ ಕೇಳುವ ಹುಡುಗರು ತುಂಬಾ ಜನ. ಹೋದವು, ಅಷ್ಟೇ. ಕ್ಲೌಡ್‌ನಲ್ಲಿ ಬ್ಯಾಕಪ್ ಇದ್ದರೆ ಉಂಟು. ಸೆಟ್ಟಿಂಗ್ಸ್‌ನಲ್ಲಿ ಕ್ಲಿಯರ್ ಕ್ಯಾಶ್, ಕ್ಲಿಯರ್ ಡೇಟಾ ಅಂತ ಎರಡು ಬಟನ್ ಅಕ್ಕಪಕ್ಕ ಇರುತ್ತವೆ ನೋಡಿ. ಕ್ಯಾಶ್ ಅಳಿಸಿದರೆ ಆ್ಯಪ್ ಮತ್ತೆ ತಂದುಕೊಳ್ಳಬಲ್ಲ ತಾತ್ಕಾಲಿಕ ಫೈಲು ಮಾತ್ರ ಹೋಗುತ್ತವೆ. ಡೇಟಾ ಅಳಿಸಿದರೆ ಇಡೀ ಖಾಸಗಿ ಫೋಲ್ಡರ್ ಖಾಲಿ. ಜಾಗ ಬೇಕು ಅಂತ ಎರಡನೆಯದನ್ನು ಒತ್ತಬೇಡಿ.

ಎಲ್ಲವೂ ಖಾಸಗಿಯಾಗಿದ್ದರೆ ಫೋನು ಉಪಯೋಗಕ್ಕೆ ಬರುವುದಿಲ್ಲ. ಕ್ಯಾಮೆರಾದಲ್ಲಿ ತೆಗೆದ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಕು. ಕ್ರೋಮ್‌ನಲ್ಲಿ ಇಳಿಸಿದ ಪಿಡಿಎಫ್ ಇನ್ನೊಂದು ಆ್ಯಪ್‌ನಲ್ಲಿ ತೆರೆಯಬೇಕು. ಅದಕ್ಕೆ ಎಲ್ಲರೂ ಬಂದುಹೋಗುವ ಒಂದು ಜಾಗ ಬೇಕು. ನಮ್ಮ ಕಡೆಯ ಹಳೆ ವಾಡೆಗಳಲ್ಲಿ ಕೋಣೆಗಳು ಬೇರೆ, ಪಡಸಾಲೆ ಬೇರೆ ಇರುತ್ತಿತ್ತಲ್ಲ, ಹಾಗೆ. ಕೋಣೆಗೆ ಅವರವರ ಬೀಗ. ಪಡಸಾಲೆಯಲ್ಲಿ ಬಂದವರೆಲ್ಲ ಕೂರುತ್ತಾರೆ. ನಿಮ್ಮ ಡೌನ್‌ಲೋಡ್, ಡಿಸಿಐಎಂ (ಕ್ಯಾಮೆರಾ ಫೋಟೊಗಳ ಫೋಲ್ಡರ್), ಪಿಕ್ಚರ್ಸ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳೆಲ್ಲ ಇರುವುದು ಈ ಎಲ್ಲರ ಜಾಗದಲ್ಲಿ. ಪರ್ಮಿಶನ್ ಕೇಳುವ ಸಣ್ಣ ಕಿಟಕಿ ಬರುತ್ತದಲ್ಲ, ಅದು ಕೇಳುವುದೂ ಈ ಜಾಗದ ಬಗ್ಗೆಯೇ.

ಈ ಜಾಗದ ಕಾನೂನು ಮೊದಲಿಂದಲೂ ಸಡಿಲವೇ. ಯಾಕೆ ಅಂದರೆ ಇದು ಹುಟ್ಟಿದ್ದು ಮೆಮೊರಿ ಕಾರ್ಡ್‌ನಿಂದ. ನಿಮ್ಮಲ್ಲಿ ಸ್ವಲ್ಪ ವಯಸ್ಸಾದವರಿಗೆ ನೆನಪಿರುತ್ತದೆ. ಮೊಬೈಲ್ ಅಂಗಡಿಗೆ ಹೋಗಿ ಕಾರ್ಡ್ ಕೊಟ್ಟರೆ ಹಾಡು ತುಂಬಿಸಿ ಕೊಡುತ್ತಿದ್ದರು. ಅದೇ ಕಾರ್ಡ್ ಕಂಪ್ಯೂಟರ್‌ನಲ್ಲೂ ನಡೆಯಬೇಕು, ಕ್ಯಾಮೆರಾದಲ್ಲೂ ನಡೆಯಬೇಕು. ಎಲ್ಲ ಕಡೆ ನಡೆಯುವ ಫೈಲ್ ವ್ಯವಸ್ಥೆ ಅಂದರೆ ಫ್ಯಾಟ್. ಫ್ಯಾಟ್‌ನಲ್ಲಿ ಫೈಲಿನ ಹೆಸರು ಬರೆಯಲು ಜಾಗವಿದೆ, ಅಳತೆ ಬರೆಯಲು ಜಾಗವಿದೆ, ತಾರೀಖಿಗೆ ಜಾಗವಿದೆ. ಮಾಲೀಕ ಯಾರು ಅಂತ ಬರೆಯಲು ಜಾಗವೇ ಇಲ್ಲ! ಮಾಲೀಕನೇ ಇಲ್ಲದ ಮೇಲೆ ಒಂದೊಂದು ಫೈಲಿಗೆ ಒಂದೊಂದು ಅನುಮತಿ ಹೇಗೆ ಸಾಧ್ಯ? ಹಾಗಾಗಿ ಇಡೀ ಕಾರ್ಡಿಗೆ ಒಂದೇ ಬಾಗಿಲು. ಬಿಟ್ಟರೆ ಪೂರ್ತಿ ಬಿಡಬೇಕು, ಇಲ್ಲದಿದ್ದರೆ ಪೂರ್ತಿ ಇಲ್ಲ.

2009ರ ಆಂಡ್ರಾಯ್ಡ್ 1.6ರಲ್ಲಿ ಕಾರ್ಡಿಗೆ ಬರೆಯಲು ಅನುಮತಿ ಬೇಕು ಅಂತ ಮಾಡಿದರು. ಓದಲು? ಏನೂ ಬೇಕಿರಲಿಲ್ಲ. ಓದುವ ಅನುಮತಿಯನ್ನು ಕಡ್ಡಾಯ ಮಾಡಿದ್ದು 2013ರ ಆಂಡ್ರಾಯ್ಡ್ 4.4ರಲ್ಲಿ. ಅಲ್ಲಿಯವರೆಗೆ ಯಾವ ಆ್ಯಪ್ ಬೇಕಾದರೂ ನಿಮ್ಮ ಕಾರ್ಡಿನ ಫೋಟೊ ಓದಬಹುದಿತ್ತು. ಆಮೇಲೆ ಕಾರ್ಡ್ ಬೇಡ ಅನ್ನುವಷ್ಟು ಫೋನಿನೊಳಗೇ ಜಾಗ ಬಂತು. ಆದರೆ ಹಳೆ ಆ್ಯಪ್‌ಗಳು ನಿಲ್ಲಬಾರದಲ್ಲ. ಅದಕ್ಕೆ ಒಳಗಿನ ಮೆಮೊರಿಯನ್ನೇ ಕಾರ್ಡಿನ ಹಾಗೆ ತೋರಿಸಿದರು. ಫೈಲ್ ಮ್ಯಾನೇಜರ್‌ನಲ್ಲಿ ಮೇಲ್ಗಡೆ "ಸ್ಟೋರೇಜ್, ಎಮ್ಯುಲೇಟೆಡ್, 0" ಅಂತ ಒಂದು ದಾರಿ ಕಾಣುತ್ತದೆ ನೋಡಿ. ಎಮ್ಯುಲೇಟೆಡ್ ಅಂತ ಬರೆದಿರುವುದು ಇದಕ್ಕೇ. ಕೊನೆಯ 0 ಅಂದರೆ ಫೋನಿನ ಮೊದಲ ಬಳಕೆದಾರ, ಅಂದರೆ ನೀವು. ಅದೇ ಫೋನಿನಲ್ಲಿ ಇನ್ನೊಬ್ಬ ಬಳಕೆದಾರರನ್ನು ಸೇರಿಸಿದರೆ ಅವರಿಗೆ ಬೇರೆ ಸಂಖ್ಯೆ, ಬೇರೆ ಜಾಗ. ಮಕ್ಕಳ ಕೈಗೆ ಫೋನ್ ಕೊಡುವ ಮನೆಗಳಲ್ಲಿ ಇದು ತುಂಬಾ ಉಪಯೋಗ. ಯಾರೂ ಬಳಸುವುದಿಲ್ಲ, ಅದು ನನಗೆ ಬೇಜಾರು.

2015ರ ಆಂಡ್ರಾಯ್ಡ್ 6ರವರೆಗೆ ಇನ್ನೊಂದು ತೊಂದರೆ ಇತ್ತು. ಆ್ಯಪ್ ಹಾಕುವಾಗಲೇ ಎಲ್ಲ ಅನುಮತಿಗಳ ಪಟ್ಟಿ ತೋರಿಸುತ್ತಿದ್ದರು. ಒಪ್ಪಿದರೆ ಎಲ್ಲವನ್ನೂ ಒಪ್ಪಬೇಕು. ಇಲ್ಲ ಅಂದರೆ ಆ್ಯಪೇ ಇಲ್ಲ. 6ರಿಂದ ಆ್ಯಪ್ ಓಡುವಾಗ, ಬೇಕಾದಾಗ ಕೇಳುವ ಪದ್ಧತಿ ಬಂತು. ಬೇಡ ಅಂದರೂ ಆ್ಯಪ್ ಉಳಿಯುತ್ತದೆ. ಕೊಟ್ಟಮೇಲೂ ವಾಪಸ್ ತೆಗೆದುಕೊಳ್ಳಬಹುದು.

ಆದರೆ ಸ್ಟೋರೇಜ್ ಮಟ್ಟಿಗೆ ಬಾಗಿಲು ಒಂದೇ ಉಳಿಯಿತು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಫೋಟೊಗೆ ಹೂವಿನ ಫ್ರೇಮ್ ಹಾಕುವ ಒಂದು ಆ್ಯಪ್. ಜಾತ್ರೆಗೆ ಹೋದ ಫೋಟೊಗೆ ಫ್ರೇಮ್ ಬೇಕು. ಅದು "ಫೋಟೊ, ಮೀಡಿಯಾ ಮತ್ತು ಫೈಲ್‌ಗಳಿಗೆ ಅನುಮತಿ" ಅಂತ ಕೇಳಿತು. ನೀವು ಅಲೋ ಒತ್ತಿದಿರಿ. ನಿಮ್ಮ ಮನಸ್ಸಿನಲ್ಲಿದ್ದದ್ದು ಒಂದು ಫೋಟೊ. ಅದಕ್ಕೆ ಸಿಕ್ಕಿದ್ದು ಎಲ್ಲ ಫೋಟೊ, ಎಲ್ಲ ವಿಡಿಯೊ, ಡೌನ್‌ಲೋಡ್‌ನಲ್ಲಿದ್ದ ಆಧಾರ್, ಪಹಣಿ, ಸ್ಟೇಟ್‌ಮೆಂಟ್. ಅದು ನಿಜವಾಗಿ ಓದಿತೋ ಇಲ್ಲವೋ, ಅದು ಬೇರೆ ಮಾತು. ಓದಬಹುದಿತ್ತು, ನೀವು ಒಪ್ಪಿದ್ದಿರಿ.

ಇನ್ನೂ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬಹಳ ಜನಕ್ಕೆ ಗೊತ್ತಿಲ್ಲ. ಇಂಟರ್ನೆಟ್ ಬಳಸಲು ಆ್ಯಪ್‌ಗಳು ನಿಮ್ಮನ್ನು ಕೇಳುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಅದು ಸಾಮಾನ್ಯ ಅನುಮತಿ, ಹಾಕಿದ ಕೂಡಲೇ ತಾನಾಗಿ ಸಿಗುತ್ತದೆ. ಹಾಗಾಗಿ "ಓದಿದರೆ ಓದಲಿ ಬಿಡಿ, ಫೋನಿನೊಳಗೇ ಇರುತ್ತದಲ್ಲ" ಅನ್ನುವ ಸಮಾಧಾನ ನಡೆಯುವುದಿಲ್ಲ. ಓದಬಲ್ಲ ಆ್ಯಪ್ ಕಳಿಸಲೂ ಬಲ್ಲದು. ಕಳಿಸಿದ ಮೇಲೆ ನೀವು ಅನುಮತಿ ತೆಗೆದರೆ ಮುಂದಿನದು ನಿಲ್ಲುತ್ತದೆ, ಹೋದದ್ದು ಬರುವುದಿಲ್ಲ. ಅದಕ್ಕೇ ಮೊದಲ ಸಲ ಒತ್ತುವ ಬಟನ್‌ಗೆ ಇಷ್ಟು ಬೆಲೆ.

ದೊಡ್ಡ ಬದಲಾವಣೆ ಬಂದದ್ದು 2019ರ ಆಂಡ್ರಾಯ್ಡ್ 10ರಲ್ಲಿ. ಅದರಲ್ಲಿ ಆ್ಯಪ್ ಮಾಡುವವರಿಗೆ ತಪ್ಪಿಸಿಕೊಳ್ಳಲು ದಾರಿ ಬಿಟ್ಟಿದ್ದರು. 2020ರ ಆಂಡ್ರಾಯ್ಡ್ 11ರಲ್ಲಿ ಹೊಸ ಆ್ಯಪ್‌ಗಳಿಗೆ ಆ ದಾರಿ ಮುಚ್ಚಿದರು. ಇದಕ್ಕೆ ಸ್ಕೋಪ್ಡ್ ಸ್ಟೋರೇಜ್ ಅಂತ ಹೆಸರು. ಏನು ಮಾಡಿದರು ಅಂದರೆ, ಎಲ್ಲರ ಜಾಗಕ್ಕೂ ಆ್ಯಪ್‌ಗಳಿಗೂ ನಡುವೆ ಮೀಡಿಯಾ ಪ್ರೊವೈಡರ್ ಅನ್ನುವ ಒಂದು ಸಿಸ್ಟಮ್ ಭಾಗವನ್ನು ನಿಲ್ಲಿಸಿದರು. ಅದರ ಹತ್ತಿರ ಒಂದು ದಾಖಲೆ ಪುಸ್ತಕ ಇದೆ, ಅಂದರೆ ಡೇಟಾಬೇಸ್. ಪ್ರತಿ ಫೈಲನ್ನು ಹುಟ್ಟಿಸಿದ ಆ್ಯಪ್ ಯಾವುದು ಅಂತ ಅದರಲ್ಲಿ ಬರೆದಿರುತ್ತದೆ. ಫ್ಯಾಟ್ ಬರೆದುಕೊಳ್ಳಲಾರದೆ ಬಿಟ್ಟಿದ್ದ ಮಾಲೀಕನ ಹೆಸರು ಕೊನೆಗೂ ಲೆಕ್ಕಕ್ಕೆ ಬಂತು. ಯಾವ ಆ್ಯಪ್ ಯಾವ ಫೈಲ್ ತೆರೆಯಲು ಹೋದರೂ ಈ ಮಧ್ಯಸ್ಥನನ್ನು ದಾಟಿಯೇ ಹೋಗಬೇಕು.

ಇದರಿಂದ ನಿಮಗೆ ಕಾಣುವ ಬದಲಾವಣೆಗಳನ್ನು ಹೇಳುತ್ತೇನೆ. ಒಂದು ಆ್ಯಪ್ ಡೌನ್‌ಲೋಡ್‌ನಲ್ಲೋ ಪಿಕ್ಚರ್ಸ್‌ನಲ್ಲೋ ಹೊಸ ಫೈಲ್ ಇಡಲು ಈಗ ಯಾವ ಅನುಮತಿಯೂ ಬೇಡ. ಇಡುತ್ತದೆ, ಆಮೇಲೆ ತಾನಿಟ್ಟದ್ದನ್ನು ತಾನು ನೋಡುತ್ತದೆ. ಬೇರೆಯವರು ಇಟ್ಟ ಫೋಟೊ ನೋಡಬೇಕಾದರೆ ಅನುಮತಿ ಬೇಕು. ಬೇರೆಯವರ ಫೋಟೊ ಅಳಿಸಬೇಕಾದರೆ ಅನುಮತಿ ಇದ್ದರೂ ಸಾಲದು, "ಈ ಫೋಟೊ ಅಳಿಸಲು ಈ ಆ್ಯಪ್‌ಗೆ ಬಿಡಬೇಕೇ" ಅಂತ ಸಿಸ್ಟಮ್ ನಿಮ್ಮನ್ನೇ ಕೇಳುತ್ತದೆ. "ಮೊದಲು ಕೇಳ್ತಿರಲಿಲ್ಲ, ಈಗ ಯಾಕೆ ಕೇಳುತ್ತದೆ" ಅಂತ ಗೊಣಗುತ್ತೀರಿ. ಕೇಳಲಿ ಬಿಡಿ, ನಿಮ್ಮ ಮನೆಯ ಮದುವೆ ಫೋಟೊ ಉಳಿಯುವುದು ಆ ಒಂದು ಪ್ರಶ್ನೆಯಿಂದ.

ಇನ್ನೊಂದು, ಆನ್‌ಲೈನ್ ಸೆಂಟರ್‌ನವರಿಗೆ ಇದು ದಿನಾ ಎದುರಾಗುತ್ತದೆ. ಸ್ಕ್ಯಾನರ್ ಆ್ಯಪ್‌ನಲ್ಲಿ ಒಂದಿಷ್ಟು ಪಿಡಿಎಫ್ ಮಾಡಿರುತ್ತೀರಿ. ಯಾವುದೋ ಕಾರಣಕ್ಕೆ ಆ್ಯಪ್ ತೆಗೆದು ಮತ್ತೆ ಹಾಕುತ್ತೀರಿ. ಫೈಲು ಫೋಲ್ಡರ್‌ನಲ್ಲಿ ಕಾಣುತ್ತವೆ, ಆದರೆ ಆ್ಯಪ್ ಒಳಗೆ ಪಟ್ಟಿ ಖಾಲಿ. ಫೈಲ್ ಕೆಟ್ಟಿಲ್ಲ. ಆ್ಯಪ್ ತೆಗೆದಾಗ ದಾಖಲೆಯಲ್ಲಿ ಮಾಲೀಕತ್ವ ಹೋಯಿತು. ಮತ್ತೆ ಹಾಕಿದ ಆ್ಯಪ್ ಅದೇ ಹೆಸರಿನದಾದರೂ ಹಳೆ ಫೈಲಿನ ಮಟ್ಟಿಗೆ ಹೊರಗಿನದು. ಸಿಸ್ಟಮ್‌ನ ಫೈಲ್ ಆರಿಸುವ ಕಿಟಕಿಯಿಂದ ಒಮ್ಮೆ ನೀವೇ ತೆರೆದುಕೊಟ್ಟರೆ ಓದುತ್ತದೆ.

ಈಗ ಶುರುವಿನ ಪ್ರಶ್ನೆಗೆ ಬರುತ್ತೇನೆ. ಡೌನ್‌ಲೋಡ್‌ನಲ್ಲಿರುವ ಆಧಾರ್ ಪಿಡಿಎಫ್ ಬೇರೆ ಆ್ಯಪ್ ಓದಬಲ್ಲದೇ? ಆಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹೊಸದಿದ್ದು, ಆ್ಯಪ್ ಕೂಡ ಹೊಸ ನಿಯಮಕ್ಕೆ ತಕ್ಕಂತೆ ಮಾಡಿದ್ದಾದರೆ, ಫೋಟೊ ಅನುಮತಿ ಕೊಟ್ಟ ಮಾತ್ರಕ್ಕೆ ಪಿಡಿಎಫ್ ಓದಲಾಗದು. ಆ ಅನುಮತಿ ಫೋಟೊ, ವಿಡಿಯೊ, ಆಡಿಯೊ ಮೂರಕ್ಕೆ ಮಾತ್ರ. 2022ರ ಆಂಡ್ರಾಯ್ಡ್ 13ರಲ್ಲಿ ಹಾಡಿನ ಅನುಮತಿಯನ್ನೂ ಫೋಟೊ ವಿಡಿಯೊ ಅನುಮತಿಯನ್ನೂ ಬೇರೆ ಬೇರೆ ಮಾಡಿದರು. ಹಾಡು ಕೇಳಿಸುವ ಆ್ಯಪ್‌ಗೆ ನಿಮ್ಮ ಫೋಟೊ ಯಾಕೆ, ಅಲ್ವಾ?

ಪಿಡಿಎಫ್ ಬಚಾವ್. ಆದರೆ ನಮ್ಮಲ್ಲಿ ಎಷ್ಟು ಜನ ಆಧಾರ್ ಅನ್ನು ಪಿಡಿಎಫ್ ಆಗಿ ಇಟ್ಟಿದ್ದೀರಿ? ಹೆಚ್ಚಿನವರು ಕಾರ್ಡನ್ನು ಮಂಚದ ಮೇಲಿಟ್ಟು ಫೋಟೊ ಹೊಡೆದಿರುತ್ತೀರಿ. ಹಿಂದೆ ಒಂದು, ಮುಂದೆ ಒಂದು. ಪಾಸ್‌ಬುಕ್‌ನ ಮೊದಲ ಪುಟದ ಫೋಟೊ, ಅಂಕಪಟ್ಟಿಯ ಫೋಟೊ. ಯುಪಿಐ ಕಟ್ಟಿದ ಸ್ಕ್ರೀನ್‌ಶಾಟ್, ಅದರಲ್ಲಿ ಹೆಸರು, ಬ್ಯಾಂಕು, ಖಾತೆಯ ಕೊನೆಯ ಅಂಕಿಗಳು. ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ಯಾನ್ ಕಾರ್ಡ್ ಗ್ಯಾಲರಿಯಲ್ಲಿ ಬಂದು ಕೂತಿರುತ್ತದೆ. ಆಂಡ್ರಾಯ್ಡ್ ಲೆಕ್ಕದಲ್ಲಿ ಇವೆಲ್ಲ ಬರೀ ಫೋಟೊ. ಹೊಲದ ಫೋಟೊ ಹೇಗೋ ಆಧಾರ್ ಫೋಟೊ ಹಾಗೆಯೇ. ಹೂವಿನ ಫ್ರೇಮ್ ಹಾಕುವ ಆ್ಯಪ್‌ಗೆ "ಎಲ್ಲ ಫೋಟೊ" ಅಂತ ಕೊಟ್ಟರೆ ಇವೂ ಅದರ ಕೈಗೆ ಹೋದವು. ಇವತ್ತಿನ ಮಾತಿನಲ್ಲಿ ಒಂದೇ ಒಂದನ್ನು ಮನೆಗೆ ಒಯ್ಯುತ್ತೀರಿ ಅಂದರೆ ಇದನ್ನು ಒಯ್ಯಿರಿ. ಗ್ಯಾಲರಿಯಲ್ಲಿರುವ ಕಾಗದಪತ್ರಕ್ಕೆ ಹೊಸ ಕಾನೂನಿನ ರಕ್ಷಣೆ ಕಡಿಮೆ.

ಹಳೆ ಫೋನ್ ಇರುವವರಿಗೆ ಇಷ್ಟೂ ಇಲ್ಲ. ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹಿಂದಿನದಿದ್ದರೆ ಸ್ಟೋರೇಜ್ ಅನುಮತಿ ಅಂದರೆ ಪಿಡಿಎಫ್ ಸಮೇತ ಎಲ್ಲವೂ. ಮನೆಯಲ್ಲಿ ಹೊಸ ಫೋನ್ ಬಂದಾಗ ಹಳೆಯದು ಅಮ್ಮನಿಗೋ ಅಜ್ಜನಿಗೋ ಹೋಗುತ್ತದಲ್ಲ, ಆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ತೆರೆದು ಆವೃತ್ತಿ ನೋಡಿ. ಅಂಥ ಫೋನಿನಲ್ಲಿ ಕಾಗದಪತ್ರ ಇಡದಿರುವುದೇ ಲೇಸು.

ಫೋಟೊ ಜೊತೆ ಇನ್ನೊಂದು ಹೋಗುತ್ತದೆ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ, ಫೋಟೊ ಫೈಲಿನೊಳಗೇ ಅಕ್ಷಾಂಶ ರೇಖಾಂಶ ಬರೆದಿರುತ್ತದೆ. ಮನೆಯಲ್ಲಿ ತೆಗೆದದ್ದಾದರೆ ನಿಮ್ಮ ಮನೆಯ ಜಾಗ. ಆಂಡ್ರಾಯ್ಡ್ 10ರಿಂದ ಇದಕ್ಕೆ ಬೇರೆ ಅನುಮತಿ ಬೇಕು, ಇಲ್ಲದಿದ್ದರೆ ಆ ಭಾಗವನ್ನು ಅಳಿಸಿಯೇ ಫೋಟೊ ಕೊಡುತ್ತದೆ. ಬೆಳೆ ಸಮೀಕ್ಷೆಗೆ ಹೊಲದಲ್ಲಿ ನಿಂತು ತೊಗರಿಯ ಫೋಟೊ ತೆಗೆಯುತ್ತೀರಲ್ಲ, ಅಲ್ಲಿ ಲೊಕೇಶನ್ ಬೇಕೇ ಬೇಕು. ಆ ಆ್ಯಪ್‌ಗೆ ಕೊಡಿ. ಎಲ್ಲ ಫೋಟೊಗೂ ಅದು ಬೇಕಾಗಿಲ್ಲ, ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಡಿ.

ಹಾಗಾದರೆ ಫೋಟೊ ಕೊಡದೆ ಕೆಲಸ ಹೇಗೆ? ಇಲ್ಲೇ ನನ್ನ ಮಾತಿನ ತಲೆಬರಹ ಬರುವುದು. ಒಂದು ಫೈಲ್ ಕೊಡುವುದು ಬೇರೆ, ಸ್ಟೋರೇಜ್ ಬಿಟ್ಟುಕೊಡುವುದು ಬೇರೆ. ವಿದ್ಯಾರ್ಥಿವೇತನದ ಅರ್ಜಿಗೆ ಕ್ರೋಮ್‌ನಲ್ಲಿ ಅಂಕಪಟ್ಟಿ ಏರಿಸುವಾಗ ಏನಾಗುತ್ತದೆ ನೆನಪು ಮಾಡಿಕೊಳ್ಳಿ. ಚೂಸ್ ಫೈಲ್ ಒತ್ತುತ್ತೀರಿ. ಒಂದು ಕಿಟಕಿ ತೆರೆಯುತ್ತದೆ. ಅದು ಆ ವೆಬ್‌ಸೈಟಿನದಲ್ಲ, ಕ್ರೋಮಿನದೂ ಅಲ್ಲ, ಆಂಡ್ರಾಯ್ಡ್‌ನದು. ಒಳಗೆ ಏನಿದೆ ಅಂತ ನಿಮಗೆ ಕಾಣುತ್ತದೆ, ಅವರಿಗೆ ಕಾಣುವುದಿಲ್ಲ. ನೀವು ಒಂದನ್ನು ಮುಟ್ಟಿದಿರಿ, ಆ ಒಂದು ಫೈಲಿನ ಅನುಮತಿ ಮಾತ್ರ ಅತ್ತ ಹೋಯಿತು. ಈ ವ್ಯವಸ್ಥೆ 2013ರ ಆಂಡ್ರಾಯ್ಡ್ 4.4ರಿಂದಲೇ ಇದೆ. 13ರಲ್ಲಿ ಫೋಟೊಗೆ ಅಂತಲೇ ಇಂಥದೊಂದು ಕಿಟಕಿ ಬಂತು. ಅಪ್‌ಡೇಟ್ ಮೂಲಕ ಸ್ವಲ್ಪ ಹಳೆಯ ಫೋನುಗಳಿಗೂ ಬಂದಿದೆ. ಒಳ್ಳೆಯ ಆ್ಯಪ್ ಮಾಡುವವರು ಇದನ್ನೇ ಬಳಸುತ್ತಾರೆ. ಅವರಿಗೆ ಸ್ಟೋರೇಜ್ ಅನುಮತಿ ಕೇಳುವ ಪ್ರಸಂಗವೇ ಬರುವುದಿಲ್ಲ.

ಆ್ಯಪ್ ಇದನ್ನು ಬಳಸದೆ ಹಠ ಹಿಡಿದರೂ 2023ರ ಆಂಡ್ರಾಯ್ಡ್ 14ರಿಂದ ನಿಮ್ಮ ಕೈಯಲ್ಲಿ ಒಂದು ಬಟನ್ ಇದೆ. ಅನುಮತಿ ಕೇಳುವಾಗ ಎಲ್ಲವನ್ನೂ ಕೊಡುವುದು, ಬೇಡ ಅನ್ನುವುದು, ಇವುಗಳ ಜೊತೆಗೆ ಆರಿಸಿದ ಫೋಟೊ ಮಾತ್ರ ಕೊಡುವುದು ಅಂತ ಇನ್ನೊಂದು ಇರುತ್ತದೆ. ಅದನ್ನು ಒತ್ತಿ, ಬೇಕಾದ ಒಂದೇ ಫೋಟೊ ಆರಿಸಿ. ಆ್ಯಪ್‌ಗೆ ನಿಮ್ಮ ಗ್ಯಾಲರಿಯಲ್ಲಿ ಆ ಒಂದೇ ಫೋಟೊ ಇದೆ ಅನ್ನಿಸುತ್ತದೆ.

ಐಫೋನ್ ಇರುವವರು ಕೇಳುತ್ತಿದ್ದೀರಿ. ಅಲ್ಲಿ ಎಲ್ಲರ ಜಾಗ ಅನ್ನುವುದೇ ಶುರುವಿನಿಂದ ಇರಲಿಲ್ಲ, ಪ್ರತಿ ಆ್ಯಪ್ ತನ್ನ ಗೋಡೆಯೊಳಗೇ. ಫೈಲ್ಸ್ ಅನ್ನುವ ಆ್ಯಪ್ ಬಂದದ್ದು 2017ರಲ್ಲಿ. ಆರಿಸಿದ ಫೋಟೊ ಮಾತ್ರ ಕೊಡುವ ಬಟನ್ 2020ರ ಐಒಎಸ್ 14ರಲ್ಲಿ. ಗ್ಯಾಲರಿಯಲ್ಲಿನ ಆಧಾರ್ ಫೋಟೊದ ಮಾತು ಅಲ್ಲೂ ಹಾಗೆಯೇ ಅನ್ವಯ.

ಇನ್ನು ಎಲ್ಲಕ್ಕಿಂತ ದೊಡ್ಡ ಅನುಮತಿ. ಆಲ್ ಫೈಲ್ಸ್ ಆ್ಯಕ್ಸೆಸ್. ಆಂಡ್ರಾಯ್ಡ್ 11ರಿಂದ ಇದು ಬೇರೆಯೇ ಪುಟದಲ್ಲಿದೆ. ಸೆಟ್ಟಿಂಗ್ಸ್, ಆ್ಯಪ್ಸ್, ಸ್ಪೆಷಲ್ ಆ್ಯಪ್ ಆ್ಯಕ್ಸೆಸ್, ಅದರೊಳಗೆ ಆಲ್ ಫೈಲ್ಸ್ ಆ್ಯಕ್ಸೆಸ್. ಒಂದೊಂದು ಕಂಪನಿಯ ಫೋನಿನಲ್ಲಿ ದಾರಿ ಸ್ವಲ್ಪ ಬೇರೆ, ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಹೆಸರು ಬರೆದರೆ ಸಿಗುತ್ತದೆ. ಈಗಲೇ ತೆರೆದು ನೋಡಿ. ಫೈಲ್ ಮ್ಯಾನೇಜರ್, ಬ್ಯಾಕಪ್ ಆ್ಯಪ್, ಆ್ಯಂಟಿವೈರಸ್, ಇಂಥವು ಅಲ್ಲಿದ್ದರೆ ಸರಿ. ಆಟ, ಕ್ಯಾಲೆಂಡರ್, ಕೀಬೋರ್ಡ್, ಸಾಲದ ಆ್ಯಪ್ ಇದ್ದರೆ ಈ ಕ್ಷಣ ಆಫ್ ಮಾಡಿ. ಇದನ್ನು ಕೊಟ್ಟರೆ ಪಿಡಿಎಫ್‌ಗೂ ರಕ್ಷಣೆ ಇಲ್ಲ. ಆದರೂ ಇನ್ನೊಂದು ಆ್ಯಪಿನ ಖಾಸಗಿ ಫೋಲ್ಡರ್‌ಗೆ ಇದು ಹೋಗಲಾರದು. ಆ ಗೋಡೆಯನ್ನೂ ದಾಟುವುದು ಫೋನ್ ರೂಟ್ ಮಾಡಿದಾಗ, ಅಂದರೆ ಸಿಸ್ಟಮ್‌ನ ಪೂರ್ತಿ ಅಧಿಕಾರ ತೆರೆದುಕೊಂಡಾಗ. ರೂಟ್ ಮಾಡಿದ ಫೋನಿನಲ್ಲಿ ಹಲವು ಬ್ಯಾಂಕ್ ಆ್ಯಪ್ ತೆರೆಯುವುದಿಲ್ಲ ಅಲ್ಲೇನ್ರಿ, ಕಾರಣ ಇದೇ.

ಸಾಲದ ಆ್ಯಪ್ ಹೆಸರು ಎತ್ತಿದೆ. ಇದರ ಬಗ್ಗೆ ಸ್ವಲ್ಪ ನಿಲ್ಲಬೇಕು. ಸಣ್ಣ ಮೊತ್ತದ ಸಾಲ ಕೊಟ್ಟು, ಫೋನಿನ ಕಾಂಟ್ಯಾಕ್ಟ್ ಮತ್ತು ಫೋಟೊ ಎತ್ತಿಕೊಂಡು, ಕಂತು ತಪ್ಪಿದರೆ ಫೋಟೊ ವಿಕಾರವಾಗಿ ತಿದ್ದಿ ನೆಂಟರಿಗೆ ಕಳಿಸಿ ಹೆದರಿಸುವ ದಂಧೆ ದೇಶದಲ್ಲೆಲ್ಲ ನಡೆದಿದೆ. ಜನ ಪ್ರಾಣ ಕಳೆದುಕೊಂಡಿದ್ದಾರೆ. 2022ರ ಸೆಪ್ಟೆಂಬರ್ 2ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಡಿಜಿಟಲ್ ಸಾಲದ ಮಾರ್ಗಸೂಚಿಯಲ್ಲಿ ಸಾಲದ ಆ್ಯಪ್‌ಗಳು ಫೋನಿನ ಫೈಲ್ ಮತ್ತು ಮೀಡಿಯಾ, ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ದಾಖಲೆ ಇವನ್ನು ಮುಟ್ಟಬಾರದು ಅಂತ ಸ್ಪಷ್ಟವಾಗಿ ಬರೆದಿದೆ. ಗುರುತು ಪರಿಶೀಲನೆಗೆ ಬೇಕಾದ ಕ್ಯಾಮೆರಾ, ಮೈಕ್, ಲೊಕೇಶನ್ ಇಂಥವು ಮಾತ್ರ, ಅದೂ ಒಂದು ಸಲ, ನಿಮ್ಮ ಒಪ್ಪಿಗೆ ಪಡೆದು. ಗೂಗಲ್ ಕೂಡ 2023ರ ಮೇ 31ರಿಂದ ತನ್ನ ಪ್ಲೇ ಸ್ಟೋರ್‌ನ ವೈಯಕ್ತಿಕ ಸಾಲದ ಆ್ಯಪ್‌ಗಳಿಗೆ ಫೋಟೊ ಮತ್ತು ಕಾಂಟ್ಯಾಕ್ಟ್ ಅನುಮತಿ ನಿಷೇಧಿಸಿತು. ಹಾಗಾಗಿ ಸಾಲದ ಆ್ಯಪ್ ಗ್ಯಾಲರಿ ಕೇಳಿತು ಅಂದರೆ ವಿಚಾರ ಮಾಡುವ ಅಗತ್ಯವೇ ಇಲ್ಲ, ಅದು ನಿಯಮ ಮುರಿಯುತ್ತಿದೆ. ತೆಗೆದುಹಾಕಿ. ಈಗಾಗಲೇ ಹೆದರಿಸುತ್ತಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮನೆಯಲ್ಲಿ ಹೇಳಿ. ಪಾಲಕರೇ, ಮಗ ಅಥವಾ ಮಗಳು ಬಂದು ಹೇಳಿದರೆ ಮೊದಲು ಬೈಯಬೇಡಿ, ಪಕ್ಕ ಕೂತು ಕೇಳಿ.

ಪ್ಲೇ ಸ್ಟೋರ್ ಹೊರಗಿನಿಂದ ಬರುವ ಎಪಿಕೆ ಫೈಲುಗಳಿಗೆ, ಅಂದರೆ ಒತ್ತಿದರೆ ಆ್ಯಪ್ ಹಾಕುವ ಫೈಲುಗಳಿಗೆ, ಗೂಗಲ್‌ನ ಈ ನಿಷೇಧ ಮುಟ್ಟುವುದಿಲ್ಲ. ಲಗ್ನಪತ್ರಿಕೆ ಅಂತ, ವಾಹನದ ದಂಡದ ಚಲನ್ ಅಂತ ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಬರುತ್ತದೆ. ಲಗ್ನಪತ್ರಿಕೆ ಫೋಟೊ ಆಗಿರುತ್ತದೆ, ಪಿಡಿಎಫ್ ಆಗಿರುತ್ತದೆ, ಆ್ಯಪ್ ಆಗಿರುವುದಿಲ್ಲ. ಹಳೆ ಆಂಡ್ರಾಯ್ಡ್‌ಗೆ ಮಾಡಿದ್ದು ಅಂತ ಹೇಳಿಕೊಂಡು ಬರುವ ಎಪಿಕೆಗೆ ಹಳೆಯ ಸಡಿಲ ನಿಯಮ ಸಿಗುವ ಸಾಧ್ಯತೆ ಇದೆ, ಕಳ್ಳರು ಅದನ್ನೇ ಹುಡುಕುತ್ತಾರೆ. ಅದಕ್ಕಾಗಿಯೇ ಆಂಡ್ರಾಯ್ಡ್ 14, ಆಂಡ್ರಾಯ್ಡ್ 6ಕ್ಕಿಂತ ಹಿಂದಿನ ನಿಯಮಕ್ಕೆ ಮಾಡಿದ ಆ್ಯಪ್‌ಗಳನ್ನು ಹಾಕಲು ಬಿಡುವುದೇ ಇಲ್ಲ.

ಇಷ್ಟೆಲ್ಲ ಅನುಮತಿಯ ಮಾತು ಆಡಿದೆವು. ಆದರೆ ಅನುಮತಿ ಕೆಲಸಕ್ಕೇ ಬಾರದ ಜಾಗಗಳೂ ಇವೆ. ಝೆರಾಕ್ಸ್ ಅಂಗಡಿಯಲ್ಲಿ ಕೇಬಲ್ ಚುಚ್ಚಿ, ಫೋನಿನಲ್ಲಿ ಫೈಲ್ ಟ್ರಾನ್ಸ್‌ಫರ್ ಒತ್ತಿದಿರಿ ಅನ್ನಿ. ಆ ಕಂಪ್ಯೂಟರ್‌ಗೆ ಎಲ್ಲರ ಜಾಗ ಪೂರ್ತಿ ಕಾಣುತ್ತದೆ. ಡೌನ್‌ಲೋಡ್, ಗ್ಯಾಲರಿ, ವಾಟ್ಸ್‌ಆ್ಯಪ್ ಫೋಟೊ, ಎಲ್ಲವೂ. ಆ್ಯಪ್‌ಗೆ ಕೊಡುವ ಅನುಮತಿಗೂ ಇದಕ್ಕೂ ಸಂಬಂಧವಿಲ್ಲ. ಬೇಕಾದ ಒಂದು ಪಿಡಿಎಫ್ ಮಾತ್ರ ಕಳಿಸಿ. ಅಂಗಡಿಯವರು ಇಲ್ಲಿದ್ದೀರಿ, ನಿಮಗೂ ಒಂದು ವಿನಂತಿ. ಪ್ರಿಂಟ್ ಆದಮೇಲೆ ಗಿರಾಕಿಯ ಎದುರಿಗೇ ಆ ಫೈಲ್ ಅಳಿಸಿ, ರಿಸೈಕಲ್ ಬಿನ್ ಸಮೇತ. ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ ಅಂತ ಸುಮ್ನೆ ಇರುವ ಹಾಗಿಲ್ಲ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಆಮೇಲೆ ಹುಟ್ಟಿದ ವರ್ಷ. ನಿಮ್ಮ ಹೆಸರು, ವಯಸ್ಸು ಗೊತ್ತಿರುವ ಯಾರು ಬೇಕಾದರೂ ಊಹಿಸಬಹುದು. ಸಾಧ್ಯವಿರುವ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಮೆಮೊರಿ ಕಾರ್ಡ್ ಇನ್ನೂ ಕಷ್ಟ. ಫೋನಿನ ಒಳಗಿನ ಸ್ಟೋರೇಜ್ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿ ಇಲ್ಲದೆ ಓದಲಾಗದ ಗುಪ್ತ ರೂಪದಲ್ಲಿ ಇರುತ್ತದೆ. ಆಂಡ್ರಾಯ್ಡ್ 10ರೊಂದಿಗೆ ಮಾರುಕಟ್ಟೆಗೆ ಬಂದ ಫೋನುಗಳಲ್ಲಿ, ಆಮೇಲಿನವುಗಳಲ್ಲಿ ಇದು ಕಡ್ಡಾಯ. ಪಿನ್ ಗೊತ್ತಿಲ್ಲದೆ ಕಳ್ಳನಿಗೆ ಓದಲಾಗದು. ಕಾರ್ಡ್ ಹಾಗಲ್ಲ. ಸಾಮಾನ್ಯವಾಗಿ ಬಳಸುವ ಕಾರ್ಡನ್ನು ಕಿತ್ತು ಇನ್ನೊಂದು ಕಡೆ ಹಾಕಿದರೆ ಎಲ್ಲ ತೆರೆದೇ ಇದೆ. ಕಾರ್ಡಿನಲ್ಲಿ ಹಾಡು, ಸಿನಿಮಾ ಇಡಿ. ಕಾಗದಪತ್ರ ಇಡಬೇಡಿ.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಚೆನ್ನಾಗಿತ್ತು. "ಸರ್, ಅನುಮತಿ ಕೊಡದಿದ್ದರೆ ಆ್ಯಪ್ ಮುಂದೆ ಹೋಗುವುದೇ ಇಲ್ಲ ಅನ್ನುತ್ತದೆ, ಅರ್ಜಿಗೆ ನಾಳೆಯೇ ಕೊನೆ ದಿನ. ಏನು ಮಾಡಬೇಕು?" ಮೊದಲು ಅದೇ ಕೆಲಸ ವೆಬ್‌ಸೈಟ್‌ನಲ್ಲಿ ಆಗುತ್ತದೆಯೇ ನೋಡಿ. ಹೆಚ್ಚಿನ ಅರ್ಜಿಗಳು ಆಗುತ್ತವೆ, ಅಲ್ಲಿ ಅನುಮತಿಯ ಗೋಜಿಲ್ಲ. ಆ್ಯಪೇ ಬೇಕು ಅಂದರೆ ಆರಿಸಿದ ಫೋಟೊ ಮಾತ್ರ ಕೊಡಿ. ಹಳೆ ಫೋನಿನಲ್ಲಿ ಆ ಬಟನ್ ಇಲ್ಲದಿದ್ದರೆ, ಗ್ಯಾಲರಿಯಲ್ಲಿರುವ ಕಾಗದಗಳ ಫೋಟೊ ಮೊದಲು ಬೇರೆ ಕಡೆ ಇಟ್ಟು ಅಳಿಸಿ, ಆಮೇಲೆ ಅನುಮತಿ ಕೊಡಿ, ಅರ್ಜಿ ಹೋದ ಕೂಡಲೇ ಸೆಟ್ಟಿಂಗ್ಸ್‌ಗೆ ಹೋಗಿ ವಾಪಸ್ ತೆಗೆದುಕೊಳ್ಳಿ. ಬಹಳ ದಿನ ತೆರೆಯದ ಆ್ಯಪ್‌ಗಳ ಅನುಮತಿಯನ್ನು ಆಂಡ್ರಾಯ್ಡ್ 11ರಿಂದ ಸಿಸ್ಟಮ್ ತಾನೇ ತೆಗೆಯುತ್ತದೆ, ಆದರೆ ಅದಕ್ಕೆ ತಿಂಗಳುಗಳು ಬೇಕು.

ಬೇರೆ ಕಡೆ ಅಂದರೆ ಎಲ್ಲಿ ಅಂತ ಆಕೆಯೇ ಮತ್ತೆ ಕೇಳಿದಳು. ಆಧಾರ್, ಡ್ರೈವಿಂಗ್ ಲೈಸೆನ್ಸ್ ಡಿಜಿಲಾಕರ್‌ನಲ್ಲಿ ಸಿಗುತ್ತವೆ, ಅವುಗಳ ಫೋಟೊ ಗ್ಯಾಲರಿಯಲ್ಲಿ ಇಡಬೇಕಾಗಿಯೇ ಇಲ್ಲ. ಉಳಿದ ಕಾಗದಕ್ಕೆ ಗೂಗಲ್‌ನ ಫೈಲ್ಸ್ ಆ್ಯಪ್‌ನಲ್ಲಿ ಸೇಫ್ ಫೋಲ್ಡರ್ ಇದೆ. ಪಿನ್ ಹಾಕಿ ಫೋಟೊಗಳನ್ನು ಅದಕ್ಕೆ ಸಾಗಿಸಿದರೆ ಬೇರೆ ಆ್ಯಪ್‌ಗಳಿಗೆ ಕಾಣುವುದಿಲ್ಲ. ಆ ಪಿನ್ ಮರೆತರೆ ಫೈಲ್ ವಾಪಸ್ ಪಡೆಯಲು ದಾರಿಯಿಲ್ಲ, ಹಾಗಾಗಿ ಪಿನ್ ಅನ್ನು ಮನೆಯಲ್ಲಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಸಾಗಿಸಿದ ಮೇಲೆ ಗ್ಯಾಲರಿಯ ಟ್ರ್ಯಾಶ್‌ನಲ್ಲಿ, ವಾಟ್ಸ್‌ಆ್ಯಪ್ ಫೋಲ್ಡರ್‌ನಲ್ಲಿ ಅದೇ ಫೋಟೊದ ಇನ್ನೊಂದು ಪ್ರತಿ ಉಳಿದಿದೆಯೇ ಅಂತ ಒಮ್ಮೆ ನೋಡಿಕೊಳ್ಳಿ.